ಶಿಕ್ಷಣದಲ್ಲಿ ಸಮಾನತೆಗಾಗಿ ದುಡಿಯುವುದನ್ನೇ ವೃತ್ತಿ ಮಾಡಿಕೊಳ್ಳಬಹುದೇ? ಯಾವ ಕೋರ್ಸ್ ಮಾಡಬೇಕು?

ನಾನು ಇದೇ ಕೆಲಸದಲ್ಲಿದ್ದೇನೆ. ಶಿಕ್ಷಕರ ತರಬೇತಿ ಮುಗಿಸಿದ್ದೀರಿ, ಪಾಠಕ್ಕಿಂತ ಇದರಲ್ಲೇ ಆಸಕ್ತಿ ಅಂದಿದ್ದೀರಿ. ಆದರೂ ಮೊದಲು ಒಂದೆರಡು ವರ್ಷ ಪಾಠ ಮಾಡಿ ಬನ್ನಿ. ರಾಶಿ ಉತ್ತರಪತ್ರಿಕೆ ತಿದ್ದಿ ಗೊತ್ತಿಲ್ಲದವರ ಉಪದೇಶಕ್ಕೆ ಸ್ಟಾಫ್ ರೂಮಿನಲ್ಲಿ ಯಾರೂ ಕಿವಿಗೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲ.

ಹೊರಗಿನವರ ಕಣ್ಣಿಗೆ ಇದು ಭಾಷಣ, ಪೋಸ್ಟರ್, ಕಾರ್ಯಾಗಾರದ ಕೆಲಸ. ನನ್ನ ದಿನ ಕಳೆಯುವುದು ಮಾತ್ರ ಅರ್ಜಿ ನಮೂನೆ, ವೇಳಾಪಟ್ಟಿ, ಹಾಜರಿ ಪುಸ್ತಕಗಳ ಮುಂದೆ. ಪ್ರವೇಶದ ಅರ್ಜಿಯಲ್ಲಿ ‘ತಂದೆಯ ಸಹಿ ಕಡ್ಡಾಯ’ ಎಂದಿದ್ದರೆ, ತಾಯಿಯೊಬ್ಬಳೇ ಸಾಕುತ್ತಿರುವ ಮಗುವಿಗೆ ಬಾಗಿಲಲ್ಲೇ ಅಡ್ಡಿ. ಅದನ್ನು ‘ಪೋಷಕರ ಸಹಿ’ ಎಂದು ತಿದ್ದಿಸುವುದಕ್ಕೂ ಹತ್ತಾರು ಸಲ ಅಲೆಯಬೇಕಾದೀತು.

ಅಂಕಿ ಅಂಶಗಳದ್ದು ಇನ್ನೊಂದು ಕಥೆ. ಒಟ್ಟು ಫಲಿತಾಂಶ ಚೆನ್ನಾಗಿದ್ದರೆ ಎಲ್ಲರಿಗೂ ಖುಷಿ. ಅದನ್ನೇ ಹುಡುಗಿಯರು, ಅಂಗವಿಕಲ ಮಕ್ಕಳು, ಮನೆಯಲ್ಲಿ ಬೇರೆ ಭಾಷೆ ಆಡುವವರು ಎಂದು ಬಿಡಿಸಿ ನೋಡಿದರೆ ಚಿತ್ರವೇ ಬೇರೆಯಾಗಬಹುದು. ಪರೀಕ್ಷೆಗೆ ಕೂತವರನ್ನಷ್ಟೇ ಎಣಿಸಿದ್ದಾರಾ, ಅದಕ್ಕೂ ಮೊದಲೇ ಶಾಲೆ ಬಿಟ್ಟವರು ಎಲ್ಲಿ ಹೋದರು? ಇದನ್ನು ಕೇಳುವವರನ್ನು ಕಂಡರೆ ಯಾರಿಗೂ ಆಗುವುದಿಲ್ಲ, ಆದರೆ ನಮಗೆ ಸಂಬಳ ಕೊಡುವುದು ಅದಕ್ಕೇ. ಎಕ್ಸೆಲ್ ಚೆನ್ನಾಗಿ ಕಲಿಯಿರಿ. ಗುಂಪು ತೀರಾ ಚಿಕ್ಕದಿದ್ದರೆ ಅಂಕಿ ಪ್ರಕಟಿಸಬೇಡಿ, ಯಾವ ಮಗು ಎಂದು ಗುರುತು ಸಿಕ್ಕಿಬಿಡುತ್ತದೆ.

ಕಾನೂನನ್ನು ಮೂಲದಲ್ಲೇ ಓದಿ. ಶಿಕ್ಷಣದಲ್ಲಿ ತಾರತಮ್ಯದ ವಿರುದ್ಧ ಯುನೆಸ್ಕೋ 1960ರಲ್ಲಿ ಅಂಗೀಕರಿಸಿದ ಒಡಂಬಡಿಕೆ, ವಿಶೇಷ ಅಗತ್ಯದ ಮಕ್ಕಳಿಗೂ ಸಾಮಾನ್ಯ ಶಾಲೆಯಲ್ಲೇ ಜಾಗ ಇರಬೇಕೆನ್ನುವ 1994ರ ಸಲಮಾಂಕಾ ಹೇಳಿಕೆ, ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ ಶಿಕ್ಷಣದ ಬಗ್ಗೆ ಇರುವ 24ನೇ ವಿಧಿ, ಇಷ್ಟಾದರೂ ಗೊತ್ತಿರಬೇಕು. ಹುಡುಗ, ಹುಡುಗಿಯರಿಗೆ ಬೇರೆ ಬೇರೆ ಶಾಲೆ ಇದ್ದಮಾತ್ರಕ್ಕೆ ತಾರತಮ್ಯವಲ್ಲ, ಶಿಕ್ಷಕರ ಅರ್ಹತೆ, ಕಟ್ಟಡ, ಪಠ್ಯಕ್ರಮ ಎಲ್ಲವೂ ಸರಿಸಮಾನವಾಗಿರಬೇಕು ಅನ್ನುತ್ತದೆ 1960ರ ಒಡಂಬಡಿಕೆ. ಓದದೆ ವಾದಕ್ಕಿಳಿದವರು ಇಂಥಲ್ಲೇ ಎಡವುವುದು.

ಕೋರ್ಸ್ ಅಂದರೆ ಸಮನ್ವಯ ಶಿಕ್ಷಣ (ಎಲ್ಲ ಬಗೆಯ ಮಕ್ಕಳಿಗೂ ಒಂದೇ ತರಗತಿಯಲ್ಲಿ ಕಲಿಸುವುದು), ವಿಶೇಷ ಶಿಕ್ಷಣ, ಶಿಕ್ಷಣ ನೀತಿ, ಯಾವುದಾದರೂ ಆದೀತು. ಜೊತೆಗೆ ಸಂಜ್ಞಾಭಾಷೆ ಬಂದರೆ ಬೆಲೆ ಹೆಚ್ಚು. ವಿಶ್ವವಿದ್ಯಾಲಯ, ಸ್ವಯಂಸೇವಾ ಸಂಸ್ಥೆ, ಪಠ್ಯಪುಸ್ತಕ ಪ್ರಕಾಶನ, ಎಲ್ಲ ಕಡೆಯೂ ಕೆಲಸ ಉಂಟು. ಸ್ವಯಂಸೇವಾ ಸಂಸ್ಥೆಗಳಲ್ಲಿ ಎಷ್ಟೋ ಹುದ್ದೆಗಳು ಪ್ರಾಜೆಕ್ಟ್ ಮುಗಿದೊಡನೆ ಮುಗಿಯುತ್ತವೆ, ನೆನಪಿರಲಿ.

ಕೆಲವೆಡೆ ಈ ಹುದ್ದೆ ಬರೀ ತೋರಿಕೆಗೆ. ಸಂದರ್ಶನದಲ್ಲಿ ನೀವೇ ಕೇಳಿ: ನಾನು ಯಾರಿಗೆ ವರದಿ ಮಾಡಬೇಕು, ಬಜೆಟ್ ಯಾರ ಕೈಯಲ್ಲಿದೆ, ಹಿಂದಿನ ವರ್ಷ ಬಂದ ದೂರುಗಳು ಏನಾದವು? ಮೂರಕ್ಕೂ ಹಾರಿಕೆಯ ಉತ್ತರ ಬಂದರೆ ಬೇರೆ ಕಡೆ ಅರ್ಜಿ ಹಾಕಿ.