5×8 ಅಡಿ ಬಾತ್‌ರೂಮಿನಲ್ಲಿ ಕಮೋಡ್ ಎಲ್ಲಿ, ಶವರ್ ಎಲ್ಲಿ?

ಬಾತ್‌ರೂಮ್ 5 ಅಡಿ ಅಗಲ, 8 ಅಡಿ ಉದ್ದ, ಬಾಗಿಲು ಚಿಕ್ಕ ಗೋಡೆಯಲ್ಲಿ. ಇಷ್ಟರಲ್ಲಿ ಕಮೋಡ್, ಬೇಸಿನ್, ಶವರ್ ಮೂರನ್ನೂ ಇಕ್ಕಟ್ಟಾಗದ ಹಾಗೆ ಕೂರಿಸುವುದು ಹೇಗೆ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಟೈಲ್ಸ್ ವಿಚಾರ ಸದ್ಯಕ್ಕೆ ಬಿಡಿ. ನೀರು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಅನ್ನುವುದನ್ನು ಮೊದಲು ತೀರ್ಮಾನ ಮಾಡಿ.

ನಾನಾದರೆ ಮೂರನ್ನೂ ಒಂದೇ ಉದ್ದ ಗೋಡೆಗೆ ಸಾಲಾಗಿ ಇಡುತ್ತೇನೆ. ಬಾಗಿಲ ಹತ್ತಿರ ಬೇಸಿನ್, ನಡುವೆ ಕಮೋಡ್, ಕೊನೆಯ 3 ಅಡಿ ಸ್ನಾನಕ್ಕೆ. ಉಳಿದ 5 ಅಡಿಯಲ್ಲಿ ಕಮೋಡಿಗೆ ಎರಡೂವರೆ, ಬೇಸಿನ್ನಿಗೆ ಎರಡೂವರೆ. ಕಮೋಡಿನ ನಡುವಿನಿಂದ ಎರಡೂ ಪಕ್ಕಕ್ಕೆ 15 ಇಂಚಾದರೂ ಬಿಡಿ, ಇಲ್ಲದಿದ್ದರೆ ಮೊಣಕೈ ತಾಗುತ್ತದೆ. ಎದುರಿಗೆ 2 ಅಡಿ ಖಾಲಿ ಇದ್ದರೆ ಆರಾಮ. ಪೈಪುಗಳೆಲ್ಲ ಒಂದೇ ಗೋಡೆಯಲ್ಲಿದ್ದರೆ ಮುಂದೆ ಸೋರಿದಾಗ ಹುಡುಕುವುದೂ ಸುಲಭ. ಆದರೆ ಕಮೋಡಿನ ದಪ್ಪ ಪೈಪು ಈಗಾಗಲೇ ಬೇರೆ ಕಡೆ ಇದ್ದರೆ ಕಮೋಡನ್ನು ಅದರ ಹತ್ತಿರವೇ ಇಡಿ. ಆ ಪೈಪಿಗೆ ಇಳಿಜಾರು ಬೇಕೇಬೇಕು, ದೂರ ಎಳೆದಷ್ಟೂ ನೆಲ ಎತ್ತರಿಸಬೇಕಾಗುತ್ತದೆ. ಬೇಸಿನ್, ಶವರ್ ಹೇಗೋ ಸರಿಸಬಹುದು.

ನಮ್ಮ ಹಳೇ ಮನೆಯಲ್ಲಿ ಶವರಿನ ನಲ್ಲಿ ಅದರ ನೇರ ಕೆಳಗೇ ಇತ್ತು. ಕೈ ಚಾಚಿ ತಿರುಗಿಸಿದ ಕೂಡಲೇ ತಣ್ಣೀರು ಭುಜದ ಮೇಲೆ. ಬಿಸಿನೀರು ಬರುವವರೆಗೆ ಮೂಲೆಗೆ ಒತ್ತಿಕೊಂಡು ನಿಲ್ಲಬೇಕಿತ್ತು. ನಲ್ಲಿಯನ್ನು ಒಳಗೆ ಹೋಗುವ ಕಡೆಗೆ ಹಾಕಿಸಿ, ನೆನೆಯದೇ ಕೈಗೆ ಸಿಗಬೇಕು.

ಅದಕ್ಕಿಂತ ದೊಡ್ಡ ತೊಂದರೆ ಒದ್ದೆ ನೆಲದ್ದು. ಯಾರು ಸ್ನಾನ ಮಾಡಿದರೂ ನೀರು ಕಮೋಡ್ ತನಕ ಹರಿದು ಬರುತ್ತಿತ್ತು. ರಾತ್ರಿ ಅಮ್ಮ ಎದ್ದು ಹೋಗುವಾಗ ಗೋಡೆ ಸವರಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದುದು ಈಗಲೂ ಕಣ್ಣ ಮುಂದಿದೆ. ದಯವಿಟ್ಟು ಸ್ನಾನದ ಜಾಗವನ್ನು ಒಂದಿಂಚಾದರೂ ತಗ್ಗಿಸಿ. ಅಲ್ಲಿ ಅಡಿಗೆ ಕಾಲು ಇಂಚಿನಂತೆ, ನೀರು ಹೊರಹೋಗುವ ಜಾಲಿಯ ಕಡೆಗೆ ಇಳಿಜಾರು ಕೊಡಿಸಿ. ನಡುವೆ ಗಾಜಿನ ತಡೆ ಇದ್ದರೆ ಇನ್ನೂ ಒಳ್ಳೆಯದು, ಆಗದಿದ್ದರೆ ಪರದೆಯೂ ಸಾಕು. ನೆಲಕ್ಕೆ ಹೊಳಪಿನ ಟೈಲ್ಸ್ ಮಾತ್ರ ಬೇಡ.

ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಟೈಲ್ಸ್ ಹಾಕುವ ಮೊದಲು ಜಾಲಿ ಮುಚ್ಚಿ ನೀರು ಕಟ್ಟಿ ಒಂದು ದಿನವಾದರೂ ಬಿಡಿ. ಕೆಳಗೆ ಒದ್ದೆ ಕಾಣಿಸಿದರೆ ಆಗಲೇ ಸರಿ ಮಾಡಿಸಬಹುದು. ಟೈಲ್ಸ್ ಕೂತ ಮೇಲೆ ಒಡೆಯುವುದು ಯಾರಿಗೆ ಬೇಕು, ಅಲ್ವಾ?

ಬಾಗಿಲು ಹೊರಗೆ ತೆರೆಯುವಂತಿರಲಿ. ಜಾಗ ಉಳಿಯುತ್ತದೆ ಅನ್ನುವುದು ಸಣ್ಣ ಕಾರಣ. ಒಳಗೆ ಯಾರಾದರೂ ಜಾರಿ ಬಾಗಿಲಿಗೆ ಅಡ್ಡ ಬಿದ್ದರೆ, ಒಳಗೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದೇ ಇಲ್ಲ.

ಕೆಲಸ ಶುರು ಮಾಡುವ ಮುಂಚೆ ಹಾಲಿನಲ್ಲೋ ತಾರಸಿಯಲ್ಲೋ ಸೀಮೆಸುಣ್ಣದಿಂದ ಇದೇ ಅಳತೆ ಎಳೆಯಿರಿ. ಕಮೋಡಿನ ಜಾಗದಲ್ಲಿ ಸ್ಟೂಲ್ ಇಟ್ಟು ಕೂತು ನೋಡಿ, ಬೇಸಿನ್ ಮುಂದೆ ಬಗ್ಗಿ ಮುಖ ತೊಳೆದ ಹಾಗೆ ಮಾಡಿ. ಮನೆಯ ಹಿರಿಯರಿಂದಲೂ ಒಮ್ಮೆ ಮಾಡಿಸಿ. ಆಸರೆಗೆ ಗೋಡೆಯಲ್ಲಿ ಕೈಹಿಡಿ ಎಲ್ಲಿ ಬೇಕು ಅನ್ನುವುದು ಅವರ ಕೈ ಎತ್ತ ಹೋಗುತ್ತದೆ ಅಂತ ನೋಡಿದಾಗಲೇ ಗೊತ್ತಾಗುತ್ತದೆ.