ಮಳೆಗಾಲದಲ್ಲಿ ಮೇಲೇಳದ ಪಿಯಾನೊ ಕೀಗಳು

ಪ್ರಶ್ನೆ: ಕುಂಬಳೆ ಸಮೀಪದ ನಮ್ಮ ಮನೆಯಲ್ಲಿ ಅಜ್ಜನ ಕಾಲದ, ಗೋಡೆಗೆ ತಾಗಿಸಿ ನಿಲ್ಲಿಸುವ ಪಿಯಾನೊ ಇದೆ. ಆಟಿ ತಿಂಗಳು ಬಂತೆಂದರೆ ಹಲವು ಕೀಗಳು ತಡವಾಗಿ ಮೇಲೇಳುತ್ತವೆ, ಕೆಲವು ಸುತ್ತಿಗೆಗಳು ತಂತಿಯ ಬಳಿಯೇ ನಿಂತುಬಿಡುತ್ತವೆ. ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಡಬಹುದೇ?
— ಓರ್ವ ಓದುಗರು, ಕಾಸರಗೋಡು ಜಿಲ್ಲೆ

ಉತ್ತರ: ದಯವಿಟ್ಟು ಎಣ್ಣೆ ಬಿಡಬೇಡಿ. ಪ್ರತಿಯೊಂದು ಸುತ್ತಿಗೆಯೂ ಸುಮಾರು 1.3 ಮಿಲಿಮೀಟರ್ ದಪ್ಪದ ಲೋಹದ ಪಿನ್ನಿನ ಮೇಲೆ ತಿರುಗುತ್ತದೆ; ಆ ಪಿನ್ನು ಕೂರುವ ಮರದ ತೂತಿನ ಒಳಗೆ ತೆಳುವಾದ ಉಣ್ಣೆಬಟ್ಟೆಯನ್ನು ಅಂಟಿಸಿರುತ್ತಾರೆ. ಗಾಳಿಯ ತೇವವನ್ನು ಹೀರಿ ಉಬ್ಬಿದ ಈ ಬಟ್ಟೆ ಪಿನ್ನನ್ನು ಬಿಗಿಹಿಡಿಯುವುದೇ ನಿಮ್ಮ ತೊಂದರೆಗೆ ಬಹುಮಟ್ಟಿಗೆ ಕಾರಣ. ಎಣ್ಣೆ ಬಿಟ್ಟರೆ ಕೆಲವು ದಿನ ಸರಾಗವಾದಂತೆ ಕಂಡರೂ, ಅದು ಬಟ್ಟೆಗೂ ಮರಕ್ಕೂ ಇಳಿದು ಧೂಳನ್ನು ಹಿಡಿಯುತ್ತದೆ. ಆಮೇಲೆ ಹೊಸ ಬಟ್ಟೆ ಹಾಕಿದರೂ ಅಂಟು ನಿಲ್ಲುವುದಿಲ್ಲ.

ಮೊದಲು ದೋಷವಿರುವ ಜಾಗವನ್ನು ಗುರುತಿಸಿ. ಮುಂಭಾಗದ ಹಲಗೆಯನ್ನು ತೆಗೆದು, ಸುತ್ತಿಗೆಯನ್ನು ಬೆರಳಿನಿಂದ ತಂತಿಯತ್ತ ತಳ್ಳಿ ಬಿಡಿ. ಅದು ತೂಕಡಿಸುತ್ತಾ ಹಿಂದೆ ಬಂದರೆ ಪಿನ್ನು ಬಿಗಿಯಾಗಿದೆ. ಚುರುಕಾಗಿ ಮರಳಿದರೂ ಕೀ ಏಳದಿದ್ದರೆ ದೋಷ ಕೀಯ ಅಡಿಯ ಪಿನ್ನುಗಳಲ್ಲಿದೆ, ಇಲ್ಲವೇ ಎರಡು ಕೀಗಳ ನಡುವೆ ನಾಣ್ಯವೋ ಪೆನ್ಸಿಲ್ ಚೂರೋ ಸಿಕ್ಕಿಕೊಂಡಿದೆ.

ಸುತ್ತಿಗೆಯ ಬುಡವನ್ನು ಕೆಳಗಿನ ಸನ್ನೆಗೆ ಜೋಡಿಸುವ ಪುಟ್ಟ ಪಟ್ಟಿಗಳನ್ನೂ ಗಮನಿಸಿ. ಹಳೆಯ ವಾದ್ಯಗಳಲ್ಲಿ ಇವು ಲಡ್ಡಾಗಿ, ಮುಟ್ಟಿದರೆ ಹರಿಯುತ್ತವೆ. ಇವಿಲ್ಲದೆ ಸುತ್ತಿಗೆ ಸರಿಯಾಗಿ ಹಿಂದಿರುಗದು. ಮಾತ್ರವಲ್ಲ, ಆಕ್ಷನ್ನನ್ನು (ಸುತ್ತಿಗೆ, ಸನ್ನೆಗಳಿರುವ ಇಡೀ ಚೌಕಟ್ಟನ್ನು) ಹೊರತೆಗೆದು ಮರಳಿ ಕೂರಿಸುವಾಗ ಸನ್ನೆಗಳು ಜೋತುಬಿದ್ದು ಸಿಕ್ಕಿಕೊಳ್ಳುತ್ತವೆ. ಸುತ್ತಿಗೆಗಳ ಮುಂದೆ ಪಂಜರದಂತೆ ಉದ್ದನೆಯ ತಂತಿಗಳ ಸಾಲಿದ್ದರೆ ನೀವಾಗಿ ಕೈಹಾಕದೆ, ಅನುಭವಿ ಕುಶಲಕರ್ಮಿಗೇ ಒಪ್ಪಿಸುವುದು ಲೇಸು.

ಪಿಯಾನೊಗೆ 40ರಿಂದ 50 ಶೇಕಡಾ ತೇವಾಂಶ ಹಿತ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು 80 ಶೇಕಡಾ ಮೀರುವುದು ಸಾಮಾನ್ಯ. ಆದ್ದರಿಂದ ವಾದ್ಯವನ್ನು ಹೊರಗೋಡೆಯಿಂದ ದೂರ ಸರಿಸಿ, ಕೋಣೆಯಲ್ಲಿ ತೇವ ಹೀರುವ ಯಂತ್ರವನ್ನಿಟ್ಟು ಕೆಲವು ವಾರ ಒಣಗಲು ಬಿಡಿ. ಎಷ್ಟೋ ಕೀಗಳು ಅಷ್ಟರಲ್ಲೇ ಸರಿಹೋಗುತ್ತವೆ. ಉಳಿದವುಗಳಿಗೆ ಶುದ್ಧ ಸ್ಪಿರಿಟ್ಟಿಗೆ ತುಸು ನೀರು ಬೆರೆಸಿ, ಸೂಜಿಯ ತುದಿಯಿಂದ ಕೀಲಿನ ಎರಡೂ ಬದಿಗೆ ಒಂದೊಂದು ಹನಿ ಮುಟ್ಟಿಸಬೇಕು. ನೀರಿಗೆ ಉಬ್ಬುವ ಬಟ್ಟೆ ಪಿನ್ನಿಗೆ ಒತ್ತಿಕೊಂಡು, ಒಣಗುವಾಗ ಕುಗ್ಗಿ ಸಡಿಲಗೊಳ್ಳುತ್ತದೆ. ಪೂರ್ತಿ ಒಣಗುವವರೆಗೆ ನುಡಿಸಬೇಡಿ.

ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದರೆ ಇದು ಸಾಲದು. ಅದನ್ನು ತಳ್ಳಿ ತೆಗೆದು, ತೂತನ್ನು ಹದಮಾಡಿ ಹೊಸ ಪಿನ್ನು ಹಾಕಿಸಬೇಕು. ಆ ಕೆಲಸವನ್ನು ಜನವರಿಯಲ್ಲಿ ಮಾಡಿಸುವುದಾದರೆ ಪಿನ್ನುಗಳನ್ನು ತುಸು ಸಡಿಲವಾಗಿಯೇ ಕೂರಿಸಲು ಹೇಳಿ. ಒಣಹವೆಯಲ್ಲಿ ಬಿಗಿಯಾಗಿ ಕೂತದ್ದು ಜೂನ್ ಮಳೆಗೆ ಮತ್ತೆ ಹಿಡಿದುಕೊಳ್ಳುತ್ತದೆ.