ಎರಡು ದಿನ ಬಿಟ್ಟು ಸುಸ್ತು ಹೊಡೆಯುವುದು ಸೋಮಾರಿತನ ಅಲ್ಲ

ನಮಸ್ಕಾರ ಮೇಡಂ. ಭಾನುವಾರ ಬಟ್ಟೆ ಒಗೆದು ಮನೆ ಒರೆಸಿದಾಗ ಚೆನ್ನಾಗಿಯೇ ಇದ್ದೆ, ಮಂಗಳವಾರ ಹಾಸಿಗೆಯಿಂದ ಏಳೋಕೂ ಆಗಲಿಲ್ಲ, ಮನೆಯವರು ವಾಕಿಂಗ್ ಜಾಸ್ತಿ ಮಾಡು ಅಂತಾರೆ, ಮಾಡಲಾ ಎಂದು ಕೇಳಿದ್ದೀರಿ. ದಯವಿಟ್ಟು ಬಲವಂತವಾಗಿ ಮಾಡಬೇಡಿ.

ಡಾಕ್ಟರು ಕ್ರಾನಿಕ್ ಫಟೀಗ್ ಸಿಂಡ್ರೋಮ್ (ತಿಂಗಳುಗಟ್ಟಲೆ ಸುಸ್ತು ಬಿಡದ ಕಾಯಿಲೆ) ಎಂದೇ ಹೇಳಿದ್ದರೆ, ಕೆಲಸ ಮಾಡಿದ ಮೇಲೆ ಹೀಗೆ ತಡವಾಗಿ ಕುಸಿಯುವುದು ಆ ಕಾಯಿಲೆಯ ಮುಖ್ಯ ಲಕ್ಷಣ. ಹೊಡೆತ ಬೀಳುವುದು ಸಾಮಾನ್ಯವಾಗಿ 12ರಿಂದ 48 ಗಂಟೆ ಕಳೆದ ಮೇಲೆ. ಮೈಕೈ ನೋವು, ತಲೆ ಮಂಕು, ನಿದ್ದೆ ಮಾಡಿದರೂ ಹೋಗದ ಸುಸ್ತು. ದಿನಗಟ್ಟಲೆ ಇರುತ್ತದೆ, ಕೆಲವರಿಗೆ ವಾರಗಟ್ಟಲೆ. ಮೈ ದಣಿಯಲೇಬೇಕು ಅಂತೇನಿಲ್ಲ. ನೆಂಟರ ಜೊತೆ ತುಂಬಾ ಹೊತ್ತು ಮಾತಾಡಿದರೂ ಸಾಕು. ಯಾವ ಚಿಕಿತ್ಸೆ ಕೊಡಬೇಕು ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2021ರಲ್ಲಿ, ವ್ಯಾಯಾಮವನ್ನು ಹಂತಹಂತವಾಗಿ ಏರಿಸುತ್ತಾ ಹೋಗುವ ಚಿಕಿತ್ಸೆ ಈ ಕಾಯಿಲೆಗೆ ಬೇಡ ಎಂದೇ ಹೇಳಿತು. ಮನೆಯವರಿಗೆ ಇದನ್ನು ಖಂಡಿತ ಹೇಳಿ.

ಚೆನ್ನಾಗಿರುವ ದಿನವೇ ಜಾಸ್ತಿ ಹುಷಾರಾಗಿರಬೇಕು. ಸ್ಟೂಲ್ ಮೇಲೆ ಕೂತು ತರಕಾರಿ ಹೆಚ್ಚಿ. ಒರೆಸುವುದಾದರೆ ಒಂದು ಕೋಣೆ ಸಾಕು, ಸುಸ್ತಾಗುವ ಮೊದಲೇ ಮಲಗಿಬಿಡಿ. ಏನು ಮಾಡಿದಿರಿ, ಎರಡು ದಿನದ ಮೇಲೆ ಹೇಗಿತ್ತು ಅಂತ ಬರೆದಿಡಿ, ನಿಮ್ಮ ಮಿತಿ ಎಷ್ಟು ಅನ್ನೋದು ಅದರಲ್ಲೇ ಕಾಣುತ್ತದೆ.

ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಟೆಸ್ಟ್ ಆಗಿದೆಯಾ? ಇಲ್ಲದಿದ್ದರೆ ಮೊದಲು ಮಾಡಿಸಿ, ಅವು ಏರುಪೇರಾದರೂ ಸುಸ್ತು ಬರುತ್ತದೆ.